ಗುರುಮೂರ್ತಪ್ಪನ ಹೆಸರಿಗೆ ಹಿಡಿದ ತುಕ್ಕು

ಏಳನೇ ಬಂಡಿಮನೆ, ತುಂಗಭದ್ರೆಯ ಬಲದಂಡೆ
ಕ್ರಿ.ಶ. 2231, ಎಂಟನೇ ತಿಂಗಳ ಮೂವತ್ನಾಲ್ಕನೆಯ ದಿನ

2309ರಲ್ಲಿ ಈ ಬಂಡಿಯನ್ನು ಒರೆಸುವ ತಂಗೀ,

ಮೂವತ್ನಾಲ್ಕು ಎಂದದ್ದು ಕೈತಪ್ಪಲ್ಲ, ನಮ್ಮ ತಿಂಗಳಿಗೆ ಮೂವತ್ತಾರು ದಿನ. ನನ್ನ ಮಾತುಗಳು ನಿನಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ಬಣ್ಣ ಬಳಿಯುವುದು ನಿಂತ ಮೇಲೆ ಬರೀ ಸ್ಟೀಲಿನ ಮೈಯಲ್ಲಿ ಓಡುವ ಬಸ್ಸುಗಳನ್ನು ನಾವು ಬೋಳುಬಂಡಿ ಎನ್ನುತ್ತೇವೆ, ಅವು ನಿಲ್ಲುವ ಜಾಗವನ್ನು ಬಂಡಿಮನೆ ಎನ್ನುತ್ತೇವೆ. ಆ ಸ್ಟೀಲಿನ ಮೇಲೆ ಮುಂದಿನಿಂದ ಹಿಂದಿನವರೆಗೆ ಕೂದಲಿನಷ್ಟು ಸಣ್ಣ ಗೆರೆಗಳಿವೆ. ಅವು ಕೆಡದಂತೆ ಕಾಯುವವಳು ಗೆರೆಗಾರ್ತಿ. ನಾನು ಕೆಂಚಮ್ಮ, ಗೆರೆಗಾರ್ತಿ. ನನ್ನ ತಾಯಿ ಹಾಲಮ್ಮನೂ ಇದೇ ಬಂಡಿಯ ಗೆರೆಗಾರ್ತಿಯಾಗಿದ್ದಳು.

ಕೆಲಸ ಹೇಳಿಕೊಳ್ಳಲು ಸುಲಭ. ಬಿಸಿಲೇರುವ ಮೊದಲು ನೀರು ಹೊಯ್ದು ಧೂಳು ಇಳಿಸಬೇಕು. ಸಾಬೂನು ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಗೆರೆಯ ಉದ್ದಕ್ಕೆ ಒರೆಸಬೇಕು, ಅಡ್ಡಕ್ಕೆ ಒಮ್ಮೆಯೂ ಕೈ ಆಡಿಸಬಾರದು. ನೀರಿನ ಹನಿ ತಾನಾಗಿ ಆರಿದರೆ ಬಿಳಿ ಕಲೆ ಉಳಿಯುತ್ತದೆ, ಆದ್ದರಿಂದ ಕೂಡಲೇ ಒಣಬಟ್ಟೆ ಹಾಕಬೇಕು. ಹಕ್ಕಿಯ ಹಿಕ್ಕೆ ಕಂಡರೆ ಊಟ ಬಿಟ್ಟಾದರೂ ಏಳಬೇಕು. ಜನರಂತೂ ಕೊಬ್ಬರಿ ಎಣ್ಣೆ ಹಚ್ಚಿದ ತಲೆಯನ್ನು ಬಂಡಿಗೆ ಆನಿಸಿಯೇ ನಿಲ್ಲುತ್ತಾರೆ. ಎಷ್ಟು ಗದರಿದರೂ ಅಷ್ಟೆ.

ಹಿಂದಿನವರು ಮದುವೆಯಲ್ಲಿ ಕೊಡುವ ಸ್ಟೀಲ್ ಪಾತ್ರೆಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸುತ್ತಿದ್ದರಂತೆ. ಆ ಪದ್ಧತಿ ನಮ್ಮಲ್ಲಿ ಬಂಡಿಗೆ ಬಂದಿದೆ. ಹತ್ತು ವರ್ಷ ಒಂದೇ ಬಂಡಿ ಕಾಯ್ದವಳ ಹೆಸರನ್ನು ಅದರ ಬಾಗಿಲ ಅಂಚಿನಲ್ಲಿ ಕೊರೆಯುತ್ತಾರೆ. ಎಲ್ಲಿ ಕೆಲಸ ಕೇಳಿದರೂ ಮೊದಲು ನೋಡುವುದು ಆ ಹೆಸರನ್ನೇ. ಅಮ್ಮನ ಹೆಸರು ಇಲ್ಲಿ ಹದಿನೇಳು ವರ್ಷ ಇತ್ತು.

2209ರಲ್ಲಿ ಮಂಡಲಾಧ್ಯಕ್ಷರು ಬರುವವರಿದ್ದರು. ಬಂಡಿಮನೆಯ ಅಧಿಕಾರಿ ಗುರುಮೂರ್ತಪ್ಪನಿಗೆ ಅವಸರ. "ಪಾತ್ರೆ ತಿಕ್ಕಾಕೆ ಇಷ್ಟೊತ್ತು ಬೇಕೇನಮ್ಮ? ಕಬ್ಬಿಣದ ನಾರು ತಗಂಡು ಗರಗರ ತಿಕ್ಕು" ಎಂದ. "ಇದು ಪಾತ್ರೆ ಅಲ್ಲ ಸಾಹೇಬ್ರೆ, ಕಬ್ಬಿಣ ತಾಗಿದ್ರೆ ಸ್ಟೀಲಿಗೂ ತುಕ್ಕು ಹಿಡೀತೈತಿ" ಎಂದು ಅಮ್ಮ ಕೈಕಟ್ಟಿ ನಿಂತಳು. ಅವನು ತನ್ನ ಆಳುಗಳಿಂದ ಅಡ್ಡಾದಿಡ್ಡಿ ತಿಕ್ಕಿಸಿದ. ಅಧ್ಯಕ್ಷರ ಮುಂದೆ ಬಂಡಿ ಪಳಪಳ ಹೊಳೆಯಿತು. ನಾರಿನ ಕಬ್ಬಿಣದ ಪುಡಿ ಗೆರೆಗಳೊಳಗೆ ಕೂತಿತ್ತಲ್ಲ, ಒಂಬತ್ತನೆಯ ದಿನಕ್ಕೆ ಮೈತುಂಬ ಕಂದು ಚುಕ್ಕೆ ಎದ್ದವು. ವಿಚಾರಣೆಯಲ್ಲಿ ಗುರುಮೂರ್ತಪ್ಪ, ತಿಕ್ಕಿದವಳು ಹಾಲಮ್ಮ ಎಂದ. ತಿಕ್ಕಿದ ಆಳುಗಳೂ ಹೂಂ ಎಂದರು. ಎಲ್ಲರೆದುರು ಅಮ್ಮನ ಹೆಸರನ್ನು ಯಂತ್ರದಿಂದ ಉಜ್ಜಿ ತೆಗೆದರು.

ಆಮೇಲೆ ಅವಳ ಕೈಗೆ ಯಾರೂ ಬಟ್ಟೆ ಕೊಡಲಿಲ್ಲ. ಮನೆಯಲ್ಲಿ ಕೂತು ಊಟದ ತಟ್ಟೆಯನ್ನೇ ದಿನವಿಡೀ ಒಂದೇ ದಿಕ್ಕಿಗೆ ಒರೆಸುತ್ತಿದ್ದಳು. ಎರಡು ವರ್ಷವೂ ಬದುಕಲಿಲ್ಲ. ಆ ಮನುಷ್ಯನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಆಸೆಯೂ ನನಗಿಲ್ಲ.

ಗಂಡನ ಮನೆತನದ ಹೆಸರು ಹೇಳಿ ನಾನು ಇಲ್ಲಿಗೇ ಕೆಲಸಕ್ಕೆ ಸೇರಿದೆ. ನಾನು ಯಾರ ಮಗಳೆಂದು ಗುರುಮೂರ್ತಪ್ಪನಿಗೆ ತಿಳಿಯಲಿಲ್ಲ. ಹನ್ನೊಂದು ವರ್ಷ ಅವನಿಗೆ ನಮಸ್ಕಾರ ಹಾಕಿದೆ. ನಿವೃತ್ತಿಯ ದಿನ ತನ್ನ ಸೇವೆಯ ನೆನಪಿಗೆಂದು ಇದೇ ಬಂಡಿಯ ಪಕ್ಕೆಯ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ತನ್ನ ಹೆಸರು ಕೊರೆಸಿಕೊಂಡ. ಒರೆಸಿ ಹೊಳಪು ಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಬ್ಬಿಣದ ನಾರು ತೆಗೆದುಕೊಂಡು ಒಂದೊಂದು ಚುಕ್ಕೆಯೊಳಗೂ ಒತ್ತಿ ಒತ್ತಿ ತಿಕ್ಕಿದೆ. ಮೊದಲ ಮಳೆಗೇ ಹೆಸರು ಕಂದಾಯಿತು, ಎರಡನೆಯ ಮಳೆಗೆ ಕೆಳಗೆ ಸೋರಿತು. ಅವನು ವಾರವಾರ ಬಂದು ನೋಡಿ, ಜನರ ನಗು ಕೇಳಿಸಿಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದ. ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಹೋದ ವರ್ಷ ಅವನು ತೀರಿಕೊಂಡ. ಈಗ ಮಗಳು ಸುಲೋಚನ ಬರುತ್ತಾಳೆ. ಅಪ್ಪನ ಹೆಸರು ಹೀಗಿರಬಾರದು, ಏನು ಮಾಡಲಿ ಅಕ್ಕಾ ಎಂದು ಅತ್ತಳು. ನಾನು ಅವಳ ಕೈಗೆ ಅದೇ ನಾರು ಕೊಟ್ಟೆ. ಪ್ರತಿ ಭಾನುವಾರ ಬಂದು ಶ್ರದ್ಧೆಯಿಂದ ತಿಕ್ಕುತ್ತಾಳೆ. ಅವಳು ತಿಕ್ಕಿದಷ್ಟೂ ತುಕ್ಕು ಹೆಚ್ಚುತ್ತದೆ. ಅವಳದೇನೂ ತಪ್ಪಿಲ್ಲ, ಗೊತ್ತು. ನನ್ನ ಅಮ್ಮನದೂ ಇರಲಿಲ್ಲ.

ಉಜ್ಜಿ ತೆಗೆದ ಹೆಸರನ್ನು ನೂರು ವರ್ಷ ಮತ್ತೆ ಕೊರೆಯಬಾರದೆಂದು ನಮ್ಮಲ್ಲಿ ಕಟ್ಟಳೆ ಇದೆ. ಆದ್ದರಿಂದಲೇ ಈ ಕಾಗದ ನಿನಗೆ. ನಿನ್ನ ಕಾಲಕ್ಕೆ ಕಟ್ಟಳೆಯ ಅವಧಿ ಮುಗಿದಿರುತ್ತದೆ. ತುಕ್ಕು ತೆಗೆಯುವ ಬಗೆಯನ್ನೂ ಹೇಳಿಬಿಡುತ್ತೇನೆ: ಬಿಸಿನೀರಿಗೆ ನಿಂಬೆ ಉಪ್ಪು ಎನ್ನುವ ಹುಳಿ ಹರಳನ್ನು ಕದಡಿ, ಅದರಲ್ಲಿ ಬಟ್ಟೆ ನೆನೆಸಿ ತುಕ್ಕಿನ ಮೇಲೆ ಒಂದು ಗಂಟೆ ಹೊದಿಸು, ಆಮೇಲೆ ಚೆನ್ನಾಗಿ ತೊಳೆದು ಒರೆಸು. ನನ್ನ ಬಳಿ ನಿಂಬೆ ಉಪ್ಪಿನ ಡಬ್ಬಿ ತುಂಬ ಇದೆ, ಸುಲೋಚನಳಿಗೆ ನಾನು ಹೇಳಿಲ್ಲ.

ಮೊದಲು ಬಾಗಿಲ ಅಂಚಿನಲ್ಲಿ ಹಾಲಮ್ಮ ಎಂದು ಕೊರೆ. ಆಮೇಲೆ ಮನಸ್ಸಿದ್ದರೆ ಅವನನ್ನು ತೊಳೆ.

ಕೆಂಚಮ್ಮ, ಹಾಲಮ್ಮನ ಮಗಳು