ಮಸೂತಿಯ ಮೆಟ್ಟಿಲ ಮೇಲೆ ಕಂಡ ಗಂಟು

ಸವಣೂರು
ಬುಧವಾರ, ೧೮ ನವೆಂಬರ್ ೧೯೮೧
ಬೆಳಿಗ್ಗೆ ಏಳು ಗಂಟೆ, ಚಹಾ ಇನ್ನೂ ಆಗಿಲ್ಲ

ಹಾನಗಲ್ಲಿನ ತವರುಮನೆಯಲ್ಲಿ ಕಾಲು ಚಾಚಿ ಕುಳಿತು ದಿನಕ್ಕೆ ನಾಲ್ಕು ಸಲ ಉಣ್ಣುತ್ತಿರುವ ನನ್ನ ಪ್ರೀತಿಯ ಫಕ್ಕೀರವ್ವಳಿಗೆ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಎಂಟನೆಯ ತಿಂಗಳಲ್ಲಿ ಅಟ್ಟ ಹತ್ತಿ ಇಳಿಯಬಾರದೆಂದು ಡಾಕ್ಟರಮ್ಮ ಹೇಳಿದ್ದು ನೆನಪಿದೆಯೋ, ಅಥವಾ ಉಪ್ಪಿನಕಾಯಿಯ ಭರಣಿಗಾಗಿ ದಿನವೂ ಹತ್ತುತ್ತಿದ್ದೀಯೋ? ಅತ್ತೆಯವರ ಮೊಣಕಾಲು ಹೇಗಿದೆ? ನಿಮ್ಮ ಅಣ್ಣ ಉಳವಪ್ಪನವರು ಹೇಗಿದ್ದಾರೆ? ಊಟ, ನಿದ್ದೆ, ಸಿಟ್ಟು ಎಲ್ಲ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ? ಅವರ ಮೇಲೆ ನನಗೆ ಇದ್ದಕ್ಕಿದ್ದಂತೆ ಇಷ್ಟು ಕಾಳಜಿ ಯಾಕೆಂದು ನಿನಗೆ ಸಂಶಯ ಬರಬಹುದು. ಬರಲಿ. ಕನ್ಯೆ ನೋಡಲು ಹೋದಲ್ಲಿ ಅವರು ಏಳು ತಟ್ಟೆ ಮಂಡಕ್ಕಿ ತಿಂದದ್ದನ್ನು ನಾನು ವಾರಪತ್ರಿಕೆಯಲ್ಲಿ ಬರೆದು ಎಂಟು ತಿಂಗಳಾಯಿತು. ಅಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಅಲ್ಲೇ ಹಾನಗಲ್ಲಿನಲ್ಲಿ ಅದೇ ಪತ್ರಿಕೆಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರಾದ್ದರಿಂದ, ಪಾಪ, ಆ ಏಳು ತಟ್ಟೆಗಳನ್ನು ಅಕ್ಷರ ಅಕ್ಷರವಾಗಿ ತಾವೇ ಜೋಡಿಸಬೇಕಾಗಿ ಬಂದಿತ್ತು. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ. ಆಗ ನಗು ಬಂದಿತ್ತು.

ಇಲ್ಲಿ ಎಲ್ಲರೂ ಕ್ಷೇಮ. ಅವ್ವ ಕ್ಷೇಮ. ನಾನು ಕ್ಷೇಮ. ನೀಲಿ ಈಗ ಕ್ಷೇಮ. ಆ ‘ಈಗ’ ಎಂಬಲ್ಲಿ ನಿನ್ನ ಬೆರಳು ನಿಲ್ಲುತ್ತದೆಂದು ನನಗೆ ಗೊತ್ತು. ಗಾಬರಿಯಾಗಬೇಡ. ಮೂರು ದಿನದಿಂದ ನಿನ್ನ ಪಾಲಿನ ಗಾಬರಿಯನ್ನೂ ಸೇರಿಸಿ ನಾನೇ ಗಾಬರಿಯಾಗುತ್ತಿದ್ದೇನೆ. ಮಗಳ ಜ್ವರ ಇಳಿದಿದೆ. ನಿನ್ನೆ ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ತಿಂದಳು. ಈಗ ನನ್ನ ಎಡತೊಡೆಯ ಮೇಲೆ ಮಲಗಿದ್ದಾಳೆ, ಅಕ್ಷರಗಳು ಸೊಟ್ಟಗಿರುವುದು ಅದಕ್ಕೇ. ಉಳಿದಿರುವ ಗಾಬರಿಗೆ ಕಾರಣ ಬೇರೆ. ನಾನೊಂದು ಲೇಖನ ಬರೆದಿದ್ದೇನೆ. ಅದು ನಾಳೆ ಅಚ್ಚಾಗುತ್ತದೆ, ಶುಕ್ರವಾರ ಈ ಊರಿಗೆ ಬರುತ್ತದೆ. ಬಂದರೆ ನಾನು ಈ ಓಣಿಯಲ್ಲಿ ತಲೆ ಎತ್ತುವಂತಿಲ್ಲ.

ಮೊದಲಿನಿಂದ ಹೇಳುತ್ತೇನೆ. ನೀನು ಹಾನಗಲ್ಲಿಗೆ ಹೋದ ಮರುವಾರವೇ ನಮ್ಮ ಸಂಪಾದಕರ ಕಾಗದ ಬಂತು. ‘ದೊಡ್ಡ ಪೇಪರಿನ್ಯಾಗೆಲ್ಲಾ ಈಗ ಅದ ಸುದ್ದಿ ಐತಿ. ನೀವು ಸವಣೂರಾಗ ಕುಂತೀರಿ. ಮಸೂತಿಯೊಳಗ ಏನ್ ನಡದೈತಿ ಅಂತ ನಾಕು ಮಂದಿ ಬೆಚ್ಚಿಬೀಳೂಹಂಗ ಬರೀರಿ’ ಎಂದು. ನಿನಗೆ ಗೊತ್ತಲ್ಲ, ತಾಲ್ಲೂಕು ಕಚೇರಿಯ ಗುಮಾಸ್ತನಾಗಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಲೇಖಕನಾಗಿ ಕೇಳಿದರೆ ನಾನು ಉಬ್ಬಿಹೋಗುತ್ತೇನೆ. ವಿಷಯದಲ್ಲಿ ನನಗೆ ಪಾಂಡಿತ್ಯವೂ ಇತ್ತು. ಈ ವರ್ಷವೆಲ್ಲ ಪೇಪರು ಬಿಚ್ಚಿದರೆ ಅರಬ್ಬರ ಎಣ್ಣೆಯ ಹಣ, ಕತ್ತಿ ಹಿಡಿದ ಗಡ್ಡದವರ ವ್ಯಂಗ್ಯಚಿತ್ರ, ‘ಎಚ್ಚರ!’ ಎಂಬ ದಪ್ಪಕ್ಷರ. ಸಿನಿಮಾಕ್ಕೆ ಹೋದರೆ ಕಳ್ಳಸಾಗಣೆಯವನ ತಲೆಯ ಮೇಲೂ ಅದೇ ಟೊಪ್ಪಿಗೆ. ಇಷ್ಟೆಲ್ಲ ಓದಿ, ನೋಡಿ, ತಿಳಿದುಕೊಂಡವನಿಗೆ ಮನೆಯಿಂದ ನೂರು ಹೆಜ್ಜೆ ದೂರದ ಮಸೂತಿಯೊಳಗೆ ಕಾಲಿಡುವ ಅಗತ್ಯವೇ ಕಾಣಲಿಲ್ಲ.

ಆದರೂ ಕಣ್ಣಾರೆ ಕಂಡದ್ದನ್ನೇ ಬರೆಯಬೇಕೆಂಬ ವ್ರತ ನನ್ನದು. ಹೋದ ಗುರುವಾರ ಸಂಜೆ ಮಸೂತಿಯ ಎದುರಿಗಿರುವ ದಿಲಾವರನ ಖಾರದಂಗಡಿಯ ಬಾಕಿನ ಮೇಲೆ ಕುಳಿತು, ಪೊಟ್ಟಣದ ಕರಿದ ಖಾರ ತಿನ್ನುತ್ತ ಗುಪ್ತಚರ್ಯೆ ಆರಂಭಿಸಿದೆ. ಯಾರೂ ಗುರುತು ಹಿಡಿಯಬಾರದೆಂದು ಕನ್ನಡಕ ತೆಗೆದು ಜೇಬಿಗಿಟ್ಟೆ. ಅದರಿಂದ ನನಗೂ ಯಾರ ಗುರುತೂ ಹತ್ತುವುದಿಲ್ಲ ಎಂಬುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಮಬ್ಬುಗತ್ತಲು. ಮಸೂತಿಯ ಮೆಟ್ಟಿಲ ಮೇಲೆ ಏಳೆಂಟು ಹೆಂಗಸರು ಮುಖ ಕಾಣದಂತೆ ಸೆರಗು ಹೊದ್ದು ಕುಳಿತಿದ್ದರು. ಕೆಲವರ ಕೈಯಲ್ಲಿ ತಂಬಿಗೆ, ಕೆಲವರ ಮಡಿಲಲ್ಲಿ ಗಂಟು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗಂಡಸರು ಒಬ್ಬೊಬ್ಬರಾಗಿ ಹೊರಬಂದರು. ಪ್ರತಿಯೊಬ್ಬನೂ ಪ್ರತಿ ಹೆಂಗಸಿನ ಮುಂದೆ ಬಗ್ಗಿ, ತುಟಿಯಲ್ಲಿ ಏನೋ ಪಿಸುಗುಟ್ಟಿ, ಮುಖವನ್ನೂ ನೋಡದೆ ಮುಂದೆ ಹೋದ. ನನ್ನ ಮೈ ಜುಮ್ಮೆಂದಿತು. ಸಂದೇಶ! ಅದರಲ್ಲೂ ಮೂರನೆಯ ಮೆಟ್ಟಿಲಿನ ಹೆಂಗಸು, ಕರಿಯ ಶಾಲು ಹೊದ್ದವಳು, ಪೊಲೀಸರಿಗೆ ಅಂಜಿದವಳ ಹಾಗೆ ಎರಡು ಸಲ ಅತ್ತಿತ್ತ ನೋಡಿದಳು. ಬಣ್ಣಬಣ್ಣದ ತೇಪೆಯ ಗಂಟೊಂದನ್ನು ಎದೆಗವಚಿಕೊಂಡು ಎಲೆಬಳ್ಳಿಯ ತೋಟದ ಸಂದಿಯಲ್ಲಿ ಮಾಯವಾದಳು. ಆ ಗಂಟಿನ ಮೇಲೆಯೇ ಮೂರು ಪ್ಯಾರಾ ಬರೆದೆ. ‘ಅದರೊಳಗೇನಿತ್ತು? ಪರದೇಶದ ಚಿನ್ನವೇ? ಸುದ್ದಿ ಕಳಿಸುವ ಯಂತ್ರವೇ? ಓದುಗರೇ, ನಿದ್ರಿಸಬೇಡಿ!’ ಎಂದು ಮುಗಿಸಿ, ಶುಕ್ರವಾರ ಟಪಾಲಿಗೆ ಹಾಕಿ, ನಾನು ಮಾತ್ರ ಸುಖವಾಗಿ ನಿದ್ರಿಸಿದೆ.

ಮೊನ್ನೆ ಸೋಮವಾರ ಕಚೇರಿಯಿಂದ ಬೇಗ ಬಂದೆ. ಮನೆಗೆ ಬೀಗ. ಪಕ್ಕದ ಮನೆಯ ಚಾಂದಬಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದವರು ತಲೆ ಎತ್ತಿ, ‘ಅಜ್ಜಿ ಮೊಮ್ಮಗಳನ್ನ ಎತ್ಕೊಂಡು ಮಸೂತಿಗೆ ಹೋಗ್ಯಾರಲ್ರಿ. ಇವತ್ತಿಗೆ ಐದು ದಿನ ಆತು. ಥಂಡಿ ಐತಂತ ನನ್ನ ಕರಿ ಶಾಲು ಕೊಟ್ಟೇನಿ. ನಿಮಗ ಹೇಳಿಲ್ಲೇನು?’ ಅಂದರು. ಕರಿ ಶಾಲು. ಫಕ್ಕೀರವ್ವಾ, ಓಡಿದೆ. ಒಂದು ಚಪ್ಪಲಿ ಗಟಾರದ ಪಾಲಾಯಿತು. ಈ ಸಲ ಕನ್ನಡಕ ಮೂಗಿನ ಮೇಲೆಯೇ ಇತ್ತು. ಮೂರನೆಯ ಮೆಟ್ಟಿಲ ಮೇಲೆ ನನ್ನ ಹೆತ್ತ ತಾಯಿ ಭರಮವ್ವ. ಅವಳ ಮಡಿಲಲ್ಲಿ ನೀನು ಹಗಲೆಲ್ಲ ಕುಳಿತು ಹೊಲಿದ ತೇಪೆಯ ಕೌದಿ. ಕೌದಿಯ ತುದಿಯಿಂದ ಬೆಳ್ಳಿಯ ಕಾಲ್ಗಡಗದ ಒಂದು ಪುಟ್ಟ ಕಾಲು ಹೊರಗೆ. ಇಡೀ ಹಾನಗಲ್ ತಾಲ್ಲೂಕಿನ ನಿದ್ದೆ ಕೆಡಿಸಲು ನಾನು ಬರೆದ ಗಂಟು ಅದೇ.

ಅವ್ವ ನನ್ನನ್ನು ಕಂಡು ಮೊದಲು ಹೆದರಿದಳು, ಆಮೇಲೆ ರೇಗಿದಳು. ‘ಹಡದಾಕಿ ಇಲ್ಲದ ಕೂಸು, ದೀಪ ಹಚ್ಚೂ ಹೊತ್ತಿಗೆ ದಿನಾ ಬೆಚ್ಚಿ ಬೆಚ್ಚಿ ಅಳತೈತಿ. ಇವತ್ತು ಮಧ್ಯಾನದಿಂದ ಮೈನೂ ಸುಡಾಕತ್ತೈತಿ. ನೀ ಅದ ಹೊತ್ತಿಗೆ ಊರು ತಿರಗಾಕ ಹೋಗಿರತೀ. ಡಾಕ್ಟರ ಔಷಧಾನೂ ಹಾಕೇನಿ, ಇಲ್ಲಿ ಊದಿಸ್ಕೊಂಡೂ ಹೊಂಟೇನಿ. ನಮಾಜ್ ಮಾಡಿ ಬಂದವರು ದೇವರ ಹೆಸರು ತಗೊಂಡು ಕೂಸಿನ ಮ್ಯಾಲೆ ಉಸಿರು ಬಿಟ್ರ ನಿನ್ನ ಗಂಟೇನು ಹೋಗತೈತಿ?’ ಗಂಟು ಎಂಬ ಮಾತನ್ನು ಆಕೆ ಆಗಲೇ ಆಡಬೇಕೇ! ಅಲ್ಲಿ ನೀರಿನ ತಂಬಿಗೆ ಹಿಡಿದು, ಕೂಸು ಹಿಡಿದು ಕುಳಿತವರಲ್ಲಿ ಅರ್ಧ ಜನ ಕುಂಕುಮದ ಹೆಂಗಸರು. ಮುಂದಿನ ಮಾತನ್ನು ಅವ್ವ ದನಿ ತಗ್ಗಿಸಿ ಹೇಳಿದಳು. ‘ಇದನ್ನ ನಿನ್ನ ಹೇಣ್ತಿನ ನನಗ ಹೇಳಿ ಹೋಗ್ಯಾಳ. ಕೂಸು ಬೆಚ್ಚಿದ್ರ ಸಂಜೀ ಮುಂದ ಮಸೂತಿಗೆ ಕರಕೊಂಡು ಹೋಗ್ರಿ ಅತ್ತಿ, ನಿಮ್ಮ ಮಗಗ ಮಾತ್ರ ಹೇಳಬ್ಯಾಡ್ರಿ, ಪೇಪರಿಗೆ ಬರೀತಾರ, ಅಂತ.’ ಫಕ್ಕೀರವ್ವಾ, ಏಳು ವರ್ಷದ ಸಂಸಾರದಲ್ಲಿ ನನ್ನನ್ನು ಇಷ್ಟು ಸರಿಯಾಗಿ ಅಳೆದವರು ಬೇರೆ ಯಾರೂ ಇಲ್ಲ. ಲಿಂಗ ಕಟ್ಟಿಕೊಂಡ ಮನೆಯಲ್ಲಿ ಹುಟ್ಟಿದ ಹೆಣ್ಣಿಗೆ ಫಕೀರನ ಹೆಸರಿಟ್ಟಿದ್ದಾರಲ್ಲ, ಆ ಹೆಸರನ್ನು ದಿನಕ್ಕೆ ಐವತ್ತು ಸಲ ಕೂಗಿಯೂ ನನಗೆ ಏನೂ ಹೊಳೆದಿರಲಿಲ್ಲ.

ಇನ್ನು ಮುಂದಿನದನ್ನು ನೀನು ಕುಳಿತುಕೊಂಡೇ ಓದಬೇಕು. ಗಂಡಸರು ಹೊರಬರುತ್ತಿದ್ದ ಹಾಗೆಯೇ ನೀಲಿಗೆ ಜ್ವರ ನೆತ್ತಿಗೇರಿತು. ಕಣ್ಣು ಮೇಲಾದವು, ಕೈಕಾಲು ಸೆಟೆದವು. ನಾನು, ಪತ್ರಿಕೆಯಲ್ಲಿ ಊರಿಗೆಲ್ಲ ಬುದ್ಧಿ ಹೇಳುವವನು, ‘ಅವ್ವಾ, ಅವ್ವಾ’ ಎನ್ನುತ್ತ ನಿಂತೇ ಇದ್ದೆ. ದಿಲಾವರನೇ ಕೂಸನ್ನು ಕೈಗೆತ್ತಿಕೊಂಡು, ‘ಹೊರಗ್ಯಾಕ ನಿಂತೀರಿ ಸಾಹೇಬ್ರ? ಒಳಗ ಬರ್ರಿ, ನೀರು ಒಳಗ ಐತಿ!’ ಎಂದು ಕೂಗಿದ. ಉಳಿದಿದ್ದ ಒಂದು ಚಪ್ಪಲಿಯನ್ನು ಬಿಟ್ಟು ನಾನು ಮಸೂತಿಯೊಳಗೆ ಹೋದದ್ದು ಹೀಗೆ. ಕೈಕಾಲು ತೊಳೆಯುವ ಹೌಜಿನ ಕಟ್ಟೆಯ ಮೇಲೆ ಕೂಸನ್ನು ಓರೆಯಾಗಿ ಮಲಗಿಸಿದರು. ಒಬ್ಬ ಅಜ್ಜ ತನ್ನ ಹೆಗಲ ಮೇಲಿನ ವಸ್ತ್ರವನ್ನೇ ಹರಿದು, ನೀರಿನಲ್ಲಿ ಅದ್ದಿ ಅದ್ದಿ ಹಣೆಗೆ, ಎದೆಗೆ ಹಾಕಿದ. ಯಾರೋ ಡಾಕ್ಟರರನ್ನು ಕರೆಯಲು ಸೈಕಲ್ ಹತ್ತಿ ಓಡಿದರು. ಎಷ್ಟು ಹೊತ್ತೋ, ನನಗೆ ಒಂದು ವರ್ಷ. ಆಮೇಲೆ ಅವಳು ಅತ್ತಳು. ನಿನ್ನ ಮಗಳ ಅಳು ನನಗೆ ಅಷ್ಟು ಇಂಪಾಗಿ ಎಂದೂ ಕೇಳಿಸಿರಲಿಲ್ಲ. ಡಾಕ್ಟರರು ಬಂದು ಸೂಜಿ ಚುಚ್ಚಿದರು. ತಣ್ಣೀರು ಹಾಕಿದ್ದು ಒಳ್ಳೆಯದಾಯಿತು, ಇಷ್ಟು ವಯಸ್ಸಿನ ಕೂಸುಗಳಿಗೆ ಜ್ವರದಲ್ಲಿ ಹೀಗಾಗುವುದುಂಟು, ಹೆದರಬೇಡಿ ಎಂದರು. ಹೆದರಿ ಮುಗಿಸಿದವನಿಗೆ ಹಾಗೆ ಹೇಳಿದರು.

ಉಸಿರು ತಿರುಗಿದ ಮೇಲೆ ನನ್ನ ಪೇಪರು ಓದಿದ ಕಣ್ಣು, ಅದಕ್ಕೆ ಇನ್ನೂ ಬುದ್ಧಿ ಬಂದಿರಲಿಲ್ಲ, ಸುತ್ತಲೂ ಹುಡುಕಿತು. ಕತ್ತಿ ಇಲ್ಲ, ಪೆಟ್ಟಿಗೆ ಇಲ್ಲ. ಸುರುಳಿ ಸುತ್ತಿಟ್ಟ ಚಾಪೆಗಳು, ಅಲುಗಾಡುವ ಒಂದು ಫ್ಯಾನು, ಅರಳಿಕಟ್ಟೆಯ ಹಿರಿಯರ ಹಾಗೆಯೇ ಕಂಬಕ್ಕೊರಗಿ ತೂಕಡಿಸುವ ಇಬ್ಬರು ಮುದುಕರು. ಗೋಡೆಯ ಮೇಲೆ ಮಾತ್ರ ಒಂದು ಹಲಗೆ, ಅದರಲ್ಲಿ ಸಾಲಾಗಿ ಆರು ಗಡಿಯಾರ, ಆರರಲ್ಲೂ ಬೇರೆ ಬೇರೆ ಹೊತ್ತು! ಗುರುವಾರ ಇದನ್ನು ಕಂಡಿದ್ದರೆ ಆರು ದೇಶಗಳ ವೇಳೆಯೆಂದು ಇನ್ನೆರಡು ಪ್ಯಾರಾ ಬರೆಯುತ್ತಿದ್ದೆ. ನಾನು ನೋಡುವುದನ್ನು ಕಂಡು ಆ ಅಜ್ಜ ನಕ್ಕ. ‘ಅವು ನಡಿಯೂ ಗಡಿಯಾರ ಅಲ್ರಿ, ಹಲಿಗಿ ಮ್ಯಾಲೆ ಬರದದ್ದು. ದಿನದ ಐದು, ಶುಕ್ರವಾರದ್ದೊಂದು, ಯಾವ ನಮಾಜು ಎಷ್ಟು ಹೊತ್ತಿಗೆ ಅಂತ ಮುಳ್ಳು ತಿರುವಿ ಇಟ್ಟೇವಿ. ಮಂದಿ ತಡಾ ಮಾಡಿ ಬಂದು ನನ್ನ ಜೋಡಿ ಜಗಳಾ ತಗೀತಾರ, ಅದಕ್ಕ.’ ನಮ್ಮ ಕಚೇರಿಯಲ್ಲಿ ಅಂಥದೊಂದು ಹಲಗೆ ಬೇಕೆಂದು ನನಗನ್ನಿಸಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಒಳಗೊಳಗೇ ನಾಚಿ ಸುಮ್ಮನಿರುತ್ತಿದ್ದೆ. ಮನೆಯವರೆಗೆ ಬಿಡಲು ಬಂದ ದಿಲಾವರ ಬಾಗಿಲಲ್ಲಿ ನಿಂತು ಸಂಕೋಚದಿಂದ ಹೇಳಿದ. ‘ಸಾಹೇಬ್ರ, ಮೊನ್ನೆ ನನ್ನ ಬಾಕಿನ ಮ್ಯಾಲೆ ಕುಂತು ಮಸೂತಿ ನೋಡಿ ಏನೋ ಬರಕೊಳ್ಳಾಕತ್ತಿದ್ರಿ. ನೀವು ಪೇಪರಿನವರಂತ. ಬ್ಯಾರೆ ಪೇಪರಿನ್ಯಾಗ ನಮ್ಮ ಬಗ್ಗೆ ಬಂದದ್ದು ಓದಿ ಓದಿ ಬ್ಯಾಸರಾಗೈತ್ರಿ. ನೀವು ಕಂಡು ಬರದೀರಿ, ನಮ್ಮ ಊರವರು. ಶುಕ್ರವಾರ ನಮಾಜ್ ಆದಮ್ಯಾಲೆ ಅಂಗಡಿ ಮುಂದ ಎಲ್ಲಾರೂ ಕೂಡ್ತೇವಿ, ನೀವ ಓದಿ ಹೇಳ್ರಿ.’ ನಾನು ಹೂಂ ಅಂದೆ. ಬೇರೇನು ಅನ್ನಲಿ? ನಿನ್ನೆ ಟಪಾಲು ಕಚೇರಿಯಿಂದ ಸಂಪಾದಕರಿಗೆ ಟ್ರಂಕ್ ಕಾಲ್ ಮಾಡಿ, ತಪ್ಪಾಗಿದೆ, ತೆಗೆಯಿರಿ ಎಂದು ಬೇಡಿಕೊಂಡೆ. ‘ತಪ್ಪ ಇರಲಿ ಒಪ್ಪ ಇರಲಿ, ಭಾಳ ಮಸ್ತ್ ಐತ್ರಿ! ಮೊದಲನೇ ಪುಟಕ್ಕ ಹಾಕೇನಿ’ ಎಂದು ಫೋನು ಇಟ್ಟುಬಿಟ್ಟರು. ಅವರನ್ನು ಬೈಯಲೂ ನನಗೆ ಬಾಯಿಲ್ಲ. ಯಾರೋ ಬರೆದದ್ದನ್ನು ಓದಿ ನಾನು ಬರೆದೆ, ನಾನು ಬರೆದದ್ದನ್ನು ಓದಿ ಇನ್ನೊಬ್ಬ ಬರೆಯುತ್ತಾನೆ. ಇಷ್ಟು ಜನರಲ್ಲಿ ಬಾಕಿನಿಂದ ಎದ್ದು ಇಪ್ಪತ್ತು ಹೆಜ್ಜೆ ದಾಟಿ ‘ಏನ್ರೀ ಮಾಡಾಕತ್ತೀರಿ?’ ಎಂದು ಕೇಳಿದವನು ಒಬ್ಬನೂ ಇಲ್ಲ.

ನೀಲಿ ಮಗ್ಗುಲು ಬದಲಿಸಿದಳು, ನಿಲ್ಲಿಸುತ್ತೇನೆ. ನಾನೇ ಬಸ್ಸು ಹತ್ತಿ ಬರುತ್ತಿದ್ದೆ. ಆದರೆ ಸೋಮವಾರದಿಂದ ಇವಳು ನನ್ನ ಅಂಗಿ ಬಿಡುತ್ತಿಲ್ಲ, ನಿಜ ಹೇಳಬೇಕೆಂದರೆ ನಾನೂ ಇವಳನ್ನು ಬಿಡುತ್ತಿಲ್ಲ. ಅತ್ತೆಯವರಿಗೆ ಶರಣಾರ್ಥಿ. ಹೊಟ್ಟೆಯಲ್ಲಿರುವವರಿಗೆ, ನಿಧಾನವಾಗಿ ಬರಲಿ, ಅಪ್ಪ ಅಷ್ಟರೊಳಗೆ ಸುಧಾರಿಸಿರುತ್ತಾನೆ ಎಂದು ತಿಳಿಸು. ನಿನಗೆ ಹಗುರಾಗಿ ಹೆರಿಗೆಯಾಗಲೆಂದು ಈ ಓಣಿಯ ಎಲ್ಲ ದೇವರನ್ನೂ ಕೇಳಿಕೊಂಡಿದ್ದೇನೆ. ಈಗ ನನಗೆ ಎಲ್ಲರ ಪರಿಚಯವೂ ಆಗಿದೆ.

ನಿನ್ನ,
ಚನ್ನವೀರಪ್ಪ

ತಾ.ಕ.: ಗಾಡಿ ಬಿಡುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಈ ಕಾಗದ ತರುವ ಹಯಾತ ಶಿಗ್ಗಾವಿ ಮೇಲೆ ಹಾನಗಲ್ಲಿಗೆ ಬರುವ ಗಾಡಿಯ ಕಂಡಕ್ಟರ್, ದಿಲಾವರನ ಭಾವ. ‘ಅರ್ಜಂಟ್ ಐತಿ’ ಅಂದದ್ದಕ್ಕೆ ಏನೆಂದೂ ಕೇಳದೆ ಕೈಗೇ ಮುಟ್ಟಿಸುತ್ತೇನೆ ಅಂದಿದ್ದಾನೆ. ಅವನಿಗೆ ಚಹಾ ಕೊಡು, ಮುಖ ಸಣ್ಣ ಮಾಡಬೇಡ. ಇನ್ನು ನಿಜವಾದ ಮಾತು. ಪುಟ ಕಟ್ಟುವುದು ಇಂದು ಸಂಜೆ. ನಿಮ್ಮಣ್ಣ ಊಟಕ್ಕೆ ಬಂದಾಗ ಕಾಲು ಹಿಡಿದಾದರೂ ಹೇಳು, ನನ್ನ ಲೇಖನದ ಮೊಳೆಗಳನ್ನು ಕಿತ್ತು ಡಬ್ಬಿಗೆ ಸುರಿಯಲಿ. ಒಳಗೆ ಇನ್ನೊಂದು ಹಾಳೆ ಇಟ್ಟಿದ್ದೇನೆ, ಹನ್ನೆರಡು ಸಾಲು. ಗಂಟಿನಲ್ಲಿ ನನ್ನ ಮಗಳಿದ್ದಳು ಎಂದು ಬರೆದು ಪೂರ್ತಿ ಹೆಸರು ಹಾಕಿದ್ದೇನೆ. ಆ ಜಾಗದಲ್ಲಿ ಇದನ್ನು ಜೋಡಿಸಲಿ. ಉಳಿದ ಜಾಗದಲ್ಲಿ ನನ್ನ ಬಗ್ಗೆ ಅವರಿಗೆ ಏನು ಬೇಕೋ ಅದನ್ನು ಜೋಡಿಸಿಕೊಳ್ಳಲಿ, ಎಂಟು ತಿಂಗಳ ಸಿಟ್ಟೆಲ್ಲ ಹಿಡಿಸುವಷ್ಟು ಜಾಗವಿದೆ. ಆಗಲಿಲ್ಲವೆಂದರೆ ನೀನು ಅಳಬೇಡ. ಶುಕ್ರವಾರ ನಮಾಜು ಬಿಡುವ ಹೊತ್ತಿಗೆ ನಾನು ದಿಲಾವರನ ಬಾಕಿನ ಮೇಲೆ ಕುಳಿತಿರುತ್ತೇನೆ, ತೊಡೆಯ ಮೇಲೆ ನೀಲಿ, ಅದೇ ಕೌದಿಯಲ್ಲಿ. ಪೇಪರಿನಲ್ಲಿ ಏನು ಬಂದಿರುತ್ತದೋ ಅದನ್ನು ಒಂದಕ್ಷರ ಬಿಡದೆ ನಾನೇ ಎಲ್ಲರಿಗೂ ಓದಿ ಹೇಳುತ್ತೇನೆ. ಕನ್ನಡಕ ಹಾಕಿಕೊಂಡು.