ಮದುವೆ ಸೆಟ್ಟಿಂಗಿನಲ್ಲಿ ತೆಗೆದ ವಿಮಾನ

ಮೇ ೯, ಸಂಜೆ

ಮತ್ತೆ ವಾಪಸ್. ಹುಬ್ಬಳ್ಳಿಯಲ್ಲಿ ತೆಗೆದ ವಿಮಾನದ ಫೋಟೋ. ವಿಮಾನದ ಫೋಟೋ ಆರಿಸಿ ಹಾಕುವ ಆ ವೆಬ್‌ಸೈಟಿನವರು ಮೂರನೇ ಸಲ ಬೇಡವೆಂದರು. ಕಾರಣ ಅದೇ, ಕಂಪ್ರೆಶನ್, ಫೈಲು ಕುಗ್ಗಿಸಿ ಕೆಡಿಸಿದ್ದು. ಆಕಾಶ ಪಟ್ಟಿಪಟ್ಟಿಯಾಗಿ ಕಾಣುತ್ತದಂತೆ. ದೊಡ್ಡದು ಮಾಡಿ ನೋಡಿದೆ. ಕಾಣುತ್ತದೆ. ಹಾಳಾದವರು ಹೇಳಿದ್ದು ಸರಿಯೇ.

ತಪ್ಪು ಸಿಕ್ಕಿತು. ತಿದ್ದಿದ ಜೆಪೆಗ್ಗನ್ನೇ ಮತ್ತೆ ಮತ್ತೆ ತೆರೆದು ಸೇವ್ ಮಾಡಿದ್ದೆ. ಪ್ರತಿ ಸಲವೂ ಅದು ಫೋಟೋದ ಒಂದಿಷ್ಟನ್ನು ತಿಂದು ಹಾಕುತ್ತದೆ, ತಿಂದದ್ದು ವಾಪಸ್ ಬರುವುದಿಲ್ಲ. ಇನ್ನು ಕ್ಯಾಮರಾದ ಮೂಲ ರಾ ಫೈಲಿನಿಂದಲೇ ಶುರು. ನಡುವೆ ಟಿಫ್, ಅದು ಏನೂ ತಿನ್ನುವುದಿಲ್ಲ. ಜೆಪೆಗ್ ಕೊನೆಗೆ ಒಂದೇ ಸಲ, ಕ್ವಾಲಿಟಿ ಪೂರ್ತಿ ಇಟ್ಟು. ವಾಟ್ಸಾಪಿನ ಮಾತೇ ಬೇಡ.

ಇಳಕಲ್ಲಿನಲ್ಲಿ ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವವನಿಗೆ ಈ ವಿಮಾನದ ಹುಚ್ಚು ಯಾಕೆ ಎಂದು ಹೆಂಡತಿ ಸಾವಂತ್ರಿ ಕೇಳುವುದನ್ನು ಬಿಟ್ಟಿದ್ದಾಳೆ. ಮಗಳಿಗೂ ಅಂಟಿಸಿದೆನಲ್ಲ, ಅದಕ್ಕೆ ಮಾತ್ರ ಇನ್ನೂ ಸಿಟ್ಟಿದೆ.

ಈಗಷ್ಟೇ ಪದ್ಮಿಯ ಫೋನ್, ಬೆಳಗಾವಿಯಿಂದ. ಪೈಲಟ್ ತರಬೇತಿಗೆ ಸೇರಿದ ಮೇಲೆ ಮೊದಲ ಸಲ ಒಬ್ಬಳೇ ಹಾರಿಸುತ್ತಾಳಂತೆ. ಸೋಮವಾರ.

"ಅಪ್ಪಾ, ಕ್ಯಾಮರಾ ತಗೊಂಡು ಬರ್ರಿ. ಅವ್ವನ್ನೂ ಕರ್ಕೊಂಡು ಬರ್ರಿ."

ಸಾವಂತ್ರಿ ಒಲ್ಲೆ ಎಂದಳು. "ನನ್ನ ಕಡಿಂದ ನೋಡೂದ ಆಗಂಗಿಲ್ರಿ. ಅಕಿ ಕೆಳಗ ಇಳದ ಮ್ಯಾಲ ಫೋನ್ ಮಾಡ್ರಿ, ಸಾಕು."

ಮೇ ೧೧

ಹುನಗುಂದದಲ್ಲಿ ಗಿರಾಕಿ ಬೀರೇಶನ ತಂಗಿಯ ಮದುವೆ. ಈಗಿನವರಿಗೆ ಅಕ್ಷತೆ ನೆಲಕ್ಕೆ ಬೀಳುವ ಮೊದಲೇ ಫೋಟೋ ಮೊಬೈಲಿಗೆ ಬರಬೇಕು. "ಅಣ್ಣಾರ, ಪುಣೇದಾಗ ನಮ್ಮ ಮಾಮಾ ಕಾಯಾಕತ್ಯಾನ, ಲಗೂ ಕಳಸ್ರಿ" — ದಿನವಿಡೀ ಬೀರೇಶನದು ಇದೇ. ಆಲ್ಬಮ್ಮಿಗೆ ಒಂದು ಕ್ಯಾಮರಾ. ಮೊಬೈಲಿಗೆ ಕಳಿಸಲು ನನ್ನ ವಿಮಾನದ ಕ್ಯಾಮರಾ: ಜೆಪೆಗ್, ಎಲ್ಲಕ್ಕಿಂತ ಸಣ್ಣ ಸೈಜು, ಎಲ್ಲಕ್ಕಿಂತ ಕಡಿಮೆ ಕ್ವಾಲಿಟಿ. ಹಾಗಿಟ್ಟರೆ ಮಾತ್ರ ಬೇಗ ಹೋಗುತ್ತದೆ.

ನಾಳೆ ನಸುಕಿಗೇ ಬೆಳಗಾವಿ ಬಸ್ಸು. ಬ್ಯಾಟರಿ ಚಾರ್ಜಿಗೆ ಹಾಕಿದೆ. ಲೆನ್ಸ್ ಒರೆಸಿದೆ. ಮದುಮಗಳ ಅಪ್ಪನಿಗಿಂತ ಹೆಚ್ಚು ಗಡಿಬಿಡಿ ನನಗೇ.

ಮೇ ೧೨

ಹಾರಿದಳು.

ಬೇಲಿಯ ಹೊರಗೆ ನಿಂತಿದ್ದೆ. ಪ್ರೊಪೆಲರ್ ತಿರುಗುವುದು ಫೋಟೋದಲ್ಲಿ ಕಾಣಬೇಕು ಅಂದರೆ ಷಟರ್ ನಿಧಾನ ಇಡಬೇಕು, ಕೈ ನಡುಗಬಾರದು. ಬಾಲದ ಮೇಲಿನ ನಂಬರು ಚೊಕ್ಕ ಬರಬೇಕು. ಅದೇ ಧ್ಯಾನ. ನನ್ನ ಮುಂದೆಯೇ ಹಾದು ಮೇಲೆದ್ದಳು. ಒಂದು ಸುತ್ತು ಹಾಕಿ ಇಳಿದಳು. ಇಳಿದವಳ ತಲೆಯ ಮೇಲೆ ಗೆಳತಿಯರು ಬಕೆಟ್ಟುಗಟ್ಟಲೆ ನೀರು ಸುರಿದರು. ಅದು ಅಲ್ಲಿಯ ಪದ್ಧತಿಯಂತೆ.

ಸಾವಂತ್ರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬರೇ ಅಳು. ಖುಷಿಯ ಅಳು. ನನಗೂ ಬಂತು.

ಮೇ ೧೩

ಕ್ಯಾಮರಾದಲ್ಲಿ ಇನ್ನೂ ಮದುವೆ ಸೆಟ್ಟಿಂಗ್. ಬದಲಿಸಿಯೇ ಇಲ್ಲ. ಎಲ್ಲವೂ ಸಣ್ಣ ಜೆಪೆಗ್. ರಾ ಒಂದೂ ಇಲ್ಲ. ತಲೆ ಚಚ್ಚಿಕೊಂಡೆ.

ಪದ್ಮಿಗೆ ಹೇಳಿದರೆ ನಗುತ್ತಾಳೆ. "ಇನ್ನ ದಿನಾ ಹಾರೂದ ಐತಿ ಅಪ್ಪಾ. ನಿಮಗ ಬ್ಯಾಸರ ಬರೂಮಟ ತಗೀರಂತ."

ಆಗಸ್ಟ್ ೩

ಬರೆಯಲು ಕೂತೆ. ಆಗಲಿಲ್ಲ.

ಆಗಸ್ಟ್ ೬

ಪದ್ಮಿ ಇಲ್ಲ.

ಬರೆದಾದರೂ ನೋಡೋಣ ಎಂದು ಬರೆದೆ. ನನ್ನ ಅಕ್ಷರವೇ ಹೌದು. ನಂಬಿಕೆ ಬರುತ್ತಿಲ್ಲ.

ಡೆಂಗಿ. ಮಾಮೂಲಿ ಜ್ವರ ಅಂದಳು ಫೋನಿನಲ್ಲಿ. ಆಮೇಲೆ ಅವಳ ಗೆಳತಿ ಫೋನ್ ಮಾಡಿದಳು, ದವಾಖಾನೆಯಿಂದ. ನಾವು ಬೆಳಗಾವಿ ಮುಟ್ಟುವಷ್ಟರಲ್ಲಿ ಮಾತು ನಿಂತಿತ್ತು. ಕೈ ಬೆಚ್ಚಗಿತ್ತು. ಹೊಲದಲ್ಲಿ ಅಜ್ಜನ ಪಕ್ಕ ಮಣ್ಣು ಕೊಟ್ಟೆವು. ಇಪ್ಪತ್ತೆರಡು ವರ್ಷದವಳನ್ನು ಅಜ್ಜನ ಪಕ್ಕ.

ಸಾವಂತ್ರಿ ಹುಣ್ಣಿಮೆಗೊಮ್ಮೆ ಬನಶಂಕರಿಗೆ ಹೋಗಿ ಬೇಡಿಕೊಳ್ಳುತ್ತಿದ್ದಳು — ವಿಮಾನಕ್ಕೆ ಏನೂ ಆಗದಿರಲಿ ತಾಯಿ. ವಿಮಾನಕ್ಕೆ ಏನೂ ಆಗಲಿಲ್ಲ.

ಆಗಸ್ಟ್ ೨೧

ಸಮಾಧಿಗೆ ಕಲ್ಲು ನೋಡಲು ಹೋಗಿದ್ದೆವು. ಅಫ್ಸರ ನನ್ನ ಹಳೆಯ ದೋಸ್ತ, ಕರಿ ಗ್ರಾನೈಟಿನ ಮೇಲೆ ಮಷಿನ್ನಿನಿಂದ ಫೋಟೋ ಕೆತ್ತುತ್ತಾನೆ. ಸ್ಟುಡಿಯೋದಲ್ಲಿ ನಾನೇ ತೆಗೆದ ಪದ್ಮಿಯ ಒಳ್ಳೆಯ ಫೋಟೋ ಕೊಡಹೋದೆ. ಸಾವಂತ್ರಿ ಕೈ ಹಿಡಿದಳು.

"ಅದು ಬ್ಯಾಡ್ರಿ. ಅದನ್ನ ಮನ್ಯಾಗ ದಿನಾ ನೋಡ್ತೇನಿ. ಹಾರಿದ ದಿನದ್ದು ಹಾಕಸ್ರಿ. ಹಾರೂ ಮುಂದ ಅಕಿ ಮಾರಿ ಹೆಂಗಿತ್ತು, ಅದನ್ನ ನೋಡಬೇಕು ನಾ."

ಆಗಲಿ ಎಂದೆ.

ಆಗಸ್ಟ್ ೨೩

ಹಾರಿದ ದಿನದ ಫೈಲು ತೆರೆದೆ. ವಿಮಾನ ಇದೆ. ಕಿಟಕಿ ಇದೆ. ಒಳಗೆ ಜೋಳದ ಕಾಳಿನಷ್ಟು ಮುಖ. ದೊಡ್ಡದು ಮಾಡಿದರೆ ಚೌಕ ಚೌಕ. ಕಂದು ಚೌಕ, ಅದರ ಪಕ್ಕ ಕರಿ ಚೌಕ. ಕಣ್ಣು ಯಾವುದು ತಿಳಿಯುವುದಿಲ್ಲ.

ನಿಯಮದ ಪ್ರಕಾರವೇ ಮಾಡಿದೆ. ಮೂಲ ಮುಟ್ಟಲಿಲ್ಲ. ಟಿಫ್ ಮಾಡಿಕೊಂಡೆ. ಸ್ವಲ್ಪ ಸ್ವಲ್ಪವೇ ಹಿಗ್ಗಿಸಿದೆ. ಇದ್ದದ್ದು ಹೋಗದಂತೆ ಕಾಯಬಹುದು, ಅಷ್ಟೇ. ಇಲ್ಲದ್ದನ್ನು ಎಲ್ಲಿಂದ ತರಲಿ.

ಆಗಸ್ಟ್ ೨೬

ಅಫ್ಸರ ಒಂದು ತುಂಡು ಕಲ್ಲಿನ ಮೇಲೆ ಕೆತ್ತಿ ನೋಡಿದ. ನೀರು ಹಾಕಿ ಒರೆಸಿದ. ಆಕಾಶದ ತುಂಬ ಚೌಕ. ಮುಖದ ಜಾಗದಲ್ಲಿ ಕಲೆ.

"ಶಂಕ್ರಣ್ಣ, ಇದು ಬ್ಯಾಡ. ಕಲ್ಲಿನ ಮ್ಯಾಗ ಮಾಡಿದ್ದು ಅಳಸಾಕ ಬರಂಗಿಲ್ಲ. ಸಾವಂತ್ರಿ ವೈನಿ ಬಂದಾಗೊಮ್ಮೆ ಇದನ್ನ ನೋಡ್ಬೇಕಾಕ್ಕೈತಿ."

ತುಂಡನ್ನು ಅಲ್ಲೇ ಬೋರಲು ಇಟ್ಟು ಬಂದೆ.

ಆಗಸ್ಟ್ ೩೦

ಎಐ ಸಾಫ್ಟ್‌ವೇರ್ ಹಾಕಿದೆ. ಒಂದು ಗುಂಡಿ ಒತ್ತಿದರೆ ಮುಖ ಬಂತು. ಕಣ್ಣು, ಹುಬ್ಬು, ಹಲ್ಲು, ನಗು. ಸಾವಂತ್ರಿಯನ್ನು ಕರೆದೆ.

ಸೆರಗಿನಿಂದ ಕಣ್ಣು ಒರೆಸಿಕೊಂಡು ಹತ್ತಿರ ಬಂದು ನೋಡಿದಳು.

"ಯಾರ್ರಿ ಈ ಹುಡುಗಿ?"

ಹೌದು. ಪದ್ಮಿಯ ಮುಂದಿನ ಹಲ್ಲು ಒಂದರ ಮೇಲೊಂದು. ಇವಳದು ಸಾಲಾಗಿ, ಪೇಸ್ಟಿನ ಜಾಹೀರಾತಿನವಳ ಹಾಗೆ. ಅಳಿಸಿ ಹಾಕಿದೆ. ಬೇರೆ ಯಾರದೋ ಮಗಳನ್ನು ನೋಡಿ ಅರ್ಧ ಗಳಿಗೆ ಖುಷಿಪಟ್ಟೆನಲ್ಲ, ಅದಕ್ಕೆ ನಾಚಿಕೆಯಾಯಿತು.

ಸೆಪ್ಟೆಂಬರ್ ೨

ಕಲ್ಲಿಗೆ ಹೆಸರು ಮಾತ್ರ ಕೆತ್ತಲು ಹೇಳಿದೆವು.

ಚಹಾ ಕುಡಿಯುವಾಗ ಸಾವಂತ್ರಿ ತಾನಾಗಿಯೇ ಮಾತು ತೆಗೆದಳು.

"ಫೋಟೋ ಹೋಗ್ಲಿ ಬಿಡ್ರಿ. ನೀವು ಕಣ್ಣಲೇ ನೋಡೀರಲ್ಲ, ನೀವ ಹೇಳ್ರಿ. ನಕ್ಕೋಂತ ಹೊಂಟಿದ್ಲೇನು?"

ನಾನು ಏನು ನೋಡಿದ್ದೆ? ಪ್ರೊಪೆಲರ್. ನಂಬರು. ಅವಳು ಎದುರಿಗೇ ಹಾದು ಹೋದಳು, ಮುಖ ನೋಡಲಿಲ್ಲ. ಫೋಟೋದಲ್ಲಿ ಹೇಗೂ ಬಂದಿರುತ್ತದೆ, ಆಮೇಲೆ ನೋಡಿದರಾಯಿತು ಅಂದುಕೊಂಡಿದ್ದೆ.

"ಹೂಂ. ನಗಾಕತ್ತಿದ್ಲು."

"ಕೈ ಮಾಡಿದ್ಲೇನು?"

"ಮಾಡಿದ್ಲು."

ಬಟ್ಟಲು ಕೆಳಗಿಟ್ಟಳು. ಬಲಗೈ ಎತ್ತಿದಳು. "ಹಿಂಗ?"

"ಎಡಗೈ."

"ಹಿಂಗ?"

"ಇನ್ನ ಸ್ವಲ್ಪ ಮ್ಯಾಲ. ಕೈಬಟ್ಟು ಬಿಡಸು… ಹಾಂ, ಅಷ್ಟ."

ಕೈ ಇಳಿಸಲಿಲ್ಲ. ಹಾಗೇ ಹಿಡಿದುಕೊಂಡು, ನನ್ನ ಕಡೆ ತಿರುಗಿ ನಕ್ಕಳು. ಮಗಳು ಹೋದ ಮೇಲೆ ಇದೇ ಮೊದಲು. ನಾನು ಈ ಸಲ ಕ್ಯಾಮರಾ ತರಲು ಏಳಲಿಲ್ಲ, ಅವಳ ಮುಖವನ್ನೇ ನೋಡುತ್ತ ಕೂತೆ.