ನಡುಗೋಡೆಗೆ ಇಳಿದ ಉಪ್ಪು

ಬೇಲೇಕೇರಿ, ಅಂಕೋಲಾ
ಜುಲೈ ೧೨, ೨೦೨೪

ಪ್ರೀತಿಯ ತಮ್ಮ ರೋಷನಾ,

ನಿನ್ನ ಕೆಮ್ಮು ಹೇಗಿದೆ? ಸದಾಶಿವಗಡದ ಆ ಬಲೆ ಅಂಗಡಿಯಲ್ಲಿ ಬರೀ ನೆಲದ ಮೇಲೆ ಮಲಗಬೇಡ, ತಂಡಿ ಹತ್ತುತ್ತದೆ. ಆಯಿಗೆ ಮಂಡಿನೋವು ಬಿಟ್ಟರೆ ಆರಾಮ. ಫೋನಿನಲ್ಲಿ ಈ ಮಾತು ತೆಗೆದರೆ ಸಾಕು, ನೀನು "ಮತ್ತೆ ಮಾತಾಡ್ವಾ ಅಕ್ಕಾ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ, ಪೂರ್ತಿ ಓದು.

ನಮಗೂ ದೊಡ್ಡಪ್ಪನ ಮಗ ಕಾಶಿಗೂ ನಡುವಿನ ಗೋಡೆಯ ವಿಷಯ. ಅಜ್ಜನ ಮನೆ ಎರಡು ಪಾಲಾದಾಗ ಅದೊಂದು ಮಾತ್ರ ಇಬ್ಬರಿಗೂ ಸೇರಿ ಉಳಿಯಿತು, ಎರಡೂ ಮನೆಯ ಹೆಂಚಿನ ಮಾಡು ಅದರ ಮೇಲೇ ಕೂತಿವೆಯಲ್ಲ. ಮಳೆ ಬಂತೆಂದು ಕಾಶಿ ಉಪ್ಪುಮೀನಿನ ಬ್ಯಾರಲ್ಲುಗಳನ್ನೆಲ್ಲ ಒಳಗೆ ತಂದು ಆ ಗೋಡೆಗೇ ಒತ್ತಿ ಇಟ್ಟಿದ್ದಾನೆ. ಬಂಗಡೆಯಿಂದ ಸೋರಿದ ಉಪ್ಪುನೀರು ಬುಡಕ್ಕಿಳಿದು ನಮ್ಮ ಕಡೆ ಕಂದು ಲೋಳೆಯಾಗಿ ಹೊರಡುತ್ತಿದೆ. ಥೂ! ಅದರ ಮೇಲೆ ನೊಣ, ನೊಣದ ಹಿಂದೆ ಹುಳ. ಅನ್ನದ ತಪ್ಪಲೆ ತೆರೆದರೂ ಅದೇ ನಾತ. ಮೀನು ತಿಂದೇ ಬೆಳೆದ ನನಗೆ ಈಗ ಉಣ್ಣಲು ಕೂತರೆ ವಾಕರಿಕೆ ಬರುತ್ತದೆ. ಗೋಡೆಯ ಕೆಂಪುಕಲ್ಲು ಕೈ ತಾಗಿದರೆ ರವೆಯ ಹಾಗೆ ಉದುರುತ್ತದೆ. ಆಯಿಯ ಮಂಚ ಅದಕ್ಕೇ ತಾಗಿದೆ.

ಹೇಳಲು ಹೋದರೆ ಆ ಬುದ್ಧಿವಂತ ಅಂದದ್ದೇನು ಗೊತ್ತೆ? "ಉಪ್ಪು ಮೀನ್ನೇ ಕೆಡೂಕೆ ಬಿಡೂದಿಲ್ಲ, ಗೋಡೆ ಹ್ಯಾಂಗೆ ಕೆಡಸ್ತದ್ಯೆ?" ಕೇರಿಯ ಹಿರಿಯ ದತ್ತಾಮಾಮನನ್ನು ಕರೆಸಿದೆ. ಅವರು ಗೋಡೆ ಮುಟ್ಟಿ ನೋಡಿ, "ಗೋಡೆ ಇಬ್ಬರದೂ ಹೌದು, ನಿನ್ನ ಬದಿಯಿಂದ ಅವರ ಬದಿ ಕೆಡಸೂಕೆ ನಿನಗೆ ಹಕ್ಕಿಲ್ಲ. ಬ್ಯಾರಲ್ ತೆಗಿ, ಇಬ್ಬರೂ ಕೂಡಿ ಬುಡ ಕಟ್ಟಿಸಿ" ಎಂದರು. ಕಾಶಿ ತಲೆ ಆಡಿಸಿದ. ಮರುದಿನ ಇನ್ನೊಂದು ಬ್ಯಾರಲ್ ತಂದಿಟ್ಟ.

ಅವನಿಗಿಂತ ಹೇಸಿಗೆ ನನಗೆ ನಮ್ಮ ಮೇಲೇ ಹುಟ್ಟಿದೆ, ತಮ್ಮಾ. ಬಾಯಿ ತೆರೆದರೆ ಆಯಿ ನನ್ನ ಕೈ ಹಿಡಿಯುತ್ತಾಳೆ. "ಸುಮ್ನಿರೇ ಮಗಾ, ಅಗಸ್ಟಿಗೆ ಕಾಶಿ ರೋಷನನ್ನ ತನ್ನ ಹೊಸಾ ಬೋಟಿಗೆ ಕೆಲಸಕ್ಕೆ ತಕಂತೆ ಅಂದಾನೆ." ನಿನ್ನದೂ ಅದೇ ರಾಗ, "ಕಾಶಿದಾದನ ಕೂಡೆ ಜಗಳ ಬ್ಯಾಡ." ಒಂದು ಬೋಟಿನ ಆಸೆಗೆ ಮೂವರೂ ಬಾಯಿ ಮುಚ್ಚಿಕೊಂಡಿದ್ದೇವೆ, ಆಯಿಯೂ ನಾನೂ ಮೂಗು ಮುಚ್ಚಿಕೊಂಡು ಅವನ ಹೊಲಸಿನ ಪಕ್ಕ ಮಲಗುತ್ತಿದ್ದೇವೆ. ನಾಚಿಕೆಯಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು, ತಲೆ ಒದ್ದೆ ಮಾಡಿಕೊಳ್ಳಬೇಡ. ಶಾಂತಾದುರ್ಗೆ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಕುಸುಮಾ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಗೋಡೆಯ ಎರಡು ಕಲ್ಲು ಆಯಿಯ ದಿಂಬಿನ ಮೇಲೆ ಬಿದ್ದವು. ಚಾ ಕುಡಿಯಲು ಆಗಷ್ಟೇ ಎದ್ದಿದ್ದಳು, ಉಳಿದಳು. ನಾನು ನೆಟ್ಟಗೆ ಕಾಶಿಯ ಮನೆಗೆ ನುಗ್ಗಿ ಬ್ಯಾರಲ್ಲುಗಳನ್ನೆಲ್ಲ ಅಂಗಳಕ್ಕೆ ಉರುಳಿಸಿದೆ. "ನಿನ್ನ ತಮ್ಮ ನನ್ನ ಬೋಟು ಹತ್ತೂದು ಬ್ಯಾಡ" ಎಂದು ಕೂಗಿದ. "ಹತ್ತೂದಿಲ್ಲ" ಎಂದು ಕೇರಿಯವರೆಲ್ಲರ ಎದುರು ನಾನೇ ಹೇಳಿಬಿಟ್ಟೆ. ನಿನ್ನನ್ನು ಕೇಳಲಿಲ್ಲ. ಅಲ್ಲೇ ಬೇರೆ ಬೋಟು ಹುಡುಕಿಕೋ.